ರಿವರ್ಸಿನಲ್ಲಿ ಟ್ರೇಲರ್ ಚಕ್ರ ಕಚ್ಚುತ್ತದೆಯೇ?

ಕಡೂರು ಕಡೆಯ ಬಯಲುಸೀಮೆಯಿಂದ ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ಕುರಿಗೊಬ್ಬರ ಹೊಡೆಯುವ ನಮ್ಮಂಥವರಿಗೆ ಈ ತಾಪತ್ರಯ ಗೊತ್ತು. ತೋಟದ ಇಕ್ಕಟ್ಟು ದಾರಿಯಲ್ಲಿ ರಿವರ್ಸ್ ಹಾಕಿದ ಕೂಡಲೇ ಟ್ರೇಲರ್ ಚಕ್ರ ಕಚ್ಚಿ ನಿಲ್ಲುತ್ತದೆ. ಎಷ್ಟು ರೇಸ್ ಮಾಡಿದರೂ ಜಗ್ಗೋದಿಲ್ಲ.

ಎಲ್ಲ ಟ್ರೇಲರಿಗೂ ಹೀಗಾಗದು. ಮೂಕಿಯಲ್ಲಿ ಸ್ಪ್ರಿಂಗ್ ಇದ್ದು, ತಾನಾಗಿ ಹಿಡಿಯುವ ಬ್ರೇಕ್ ಇದ್ದರೆ ಮಾತ್ರ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ನಿಧಾನವಾದಾಗ ಹಿಂದಿನ ಭಾರ ಮುಂದಕ್ಕೆ ನುಗ್ಗುತ್ತದೆ. ಆಗ ಮೂಕಿಯ ಸರಳು ಒಳಸರಿದು ಬ್ರೇಕ್ ಹಿಡಿಯುತ್ತದೆ. ರಿವರ್ಸಿನಲ್ಲೂ ಸರಳು ಹಾಗೇ ಒಳಸರಿಯುತ್ತದೆ. ಇಳಿಜಾರೋ ರಿವರ್ಸೋ ಅದಕ್ಕೇನು ಗೊತ್ತು! ಇದು ಕೆಟ್ಟದ್ದಲ್ಲ, ಅದರ ಗುಣ.

ಸಮತಟ್ಟು ಜಾಗದಲ್ಲಿ ಟ್ರ್ಯಾಕ್ಟರ್ ಸ್ವಲ್ಪ ಮುಂದೆ ಎಳೆಯಿರಿ, ಸರಳು ಪೂರ್ತಿ ಹೊರಬರಲಿ. ಇಂಜಿನ್ ನಿಲ್ಲಿಸಿ, ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಿ. ಆಮೇಲೆ ಸರಳು ಒಳಹೋಗದಂತೆ ತಡೆಯುವ ಪಿನ್ ಸಿಕ್ಕಿಸಿ. ಪಿನ್ನಿಗೆ ಜಾಗ ಇಲ್ಲದಿದ್ದರೆ ತಿಳಿದ ವರ್ಕ್‌ಶಾಪಿನಲ್ಲಿ ಮಾಡಿಸಿ. ಬ್ರೇಕನ್ನೇ ಬಿಚ್ಚಿಸಬೇಡಿ.

ರಿವರ್ಸ್ ಮುಗಿದ ಕೂಡಲೇ ಪಿನ್ ತೆಗೆಯಲೇಬೇಕು. ಮರೆತು ಘಾಟಿ ಇಳಿದರೆ ಟ್ರೇಲರಿಗೆ ಬ್ರೇಕೇ ಇಲ್ಲ. ತುಂಬಿದ ಲೋಡು ಟ್ರ್ಯಾಕ್ಟರನ್ನೇ ತಳ್ಳಿಕೊಂಡು ಹೋಗುತ್ತದೆ. ಪಿನ್ನಿಗೊಂದು ಕೆಂಪು ಬಟ್ಟೆ ಕಟ್ಟಿ, ಡ್ರೈವರ್ ಕಣ್ಣಿಗೆ ಬೀಳಲಿ.

ಮುಂದೆ ಹೋಗುವಾಗಲೂ ಚಕ್ರ ಬಿಗಿಯಾಗಿ ಡ್ರಮ್ ಕಾಯುತ್ತಿದ್ದರೆ ಅದು ದೋಷವೇ. ಮಲೆನಾಡ ಮಳೆಗೆ ಸರಳು ತುಕ್ಕು ಹಿಡಿದಿರಬಹುದು, ಸ್ಪ್ರಿಂಗ್ ಸೋತಿರಬಹುದು, ಬ್ರೇಕ್ ಅತಿ ಬಿಗಿ ಮಾಡಿಸಿರಬಹುದು. ಖಾಲಿ ಟ್ರೇಲರಿಗೆ ಜಾಕ್ ಕೊಟ್ಟು ಕೈಯಲ್ಲಿ ಚಕ್ರ ತಿರುಗಿಸಿ ನೋಡಿ, ಸಲೀಸಾಗಿ ತಿರುಗಬೇಕು. ಮಳೆಗಾಲಕ್ಕೆ ಮುಂಚೆ ಸರಳಿಗೆ ಗ್ರೀಸ್ ಕೊಡಿ. ಡ್ರಮ್ಮಿನ ಒಳಗೆ ಮಾತ್ರ ಗ್ರೀಸ್ ತಾಗಬಾರದು.