ಮರುಭೂಮಿಯ ಉದ್ಯಾನಗಳೂ ಅಕಾಲದ ಬಿಸಿಲೂ

ಶ್ರೀನಿವಾಸಪುರದ ಸೀಮೆಯವರಾದ ನಮಗೆ ಕೆರೆಗಳು ಬತ್ತುವುದು ಹೊಸ ಸಂಗತಿಯಲ್ಲ. ಆದುದರಿಂದ ಪರೀಕ್ಷೆಗಳು ಮುಗಿದ ಮೇಲೆ ಮಕ್ಕಳೊಡನೆ ರಾಜಸ್ಥಾನಕ್ಕೆ ಹೊರಡುವ ಕುಟುಂಬದವರು, ಬಿಸಿಲನ್ನು ನಾವು ಕಾಣದವರೇ ಎಂದುಕೊಳ್ಳುವುದುಂಟು. ಆದರೆ ನಮ್ಮ ಊರು ಸಮುದ್ರಮಟ್ಟಕ್ಕಿಂತ ೨,೫೦೦ ಅಡಿಗೂ ಎತ್ತರದಲ್ಲಿದೆ. ಜೈಸಲ್ಮೇರ್ ಸಾವಿರ ಅಡಿಗಿಂತ ತಗ್ಗಿನಲ್ಲಿದೆ. ಅಲ್ಲಿಯ ಬಿಸಿಲಿನ ಗುಣವೇ ಬೇರೆ.

ಅಲ್ಲಿ ನೋಡತಕ್ಕ ಉದ್ಯಾನಗಳು ಎರಡು. ೧೯೮೦ರಲ್ಲಿ ಏರ್ಪಟ್ಟ ಮರುಭೂಮಿ ರಾಷ್ಟ್ರೀಯ ಉದ್ಯಾನವು ೩,೧೬೨ ಚದರ ಕಿಲೋಮೀಟರು ವಿಸ್ತಾರವುಳ್ಳದ್ದು. ಎರೆಭೂತವೆಂಬ ಅಪರೂಪದ ಹಿರಿಯ ಹಕ್ಕಿಯೂ ಚಿಂಕಾರವೂ ಅಲ್ಲಿ ವಾಸಿಸುತ್ತವೆ. ಆಕಲ್ ಎಂಬಲ್ಲಿ ಸುಮಾರು ೧೮ ಕೋಟಿ ವರ್ಷಗಳ ಹಿಂದಿನ ಮರಗಳು ಕಲ್ಲಾಗಿ ಬಿದ್ದಿವೆ. ಎರಡು ಕಡೆಯೂ ನೆರಳು ಬಹು ವಿರಳ.

ಮಾರ್ಚಿ ತಿಂಗಳು ಹಿತವಾಗಿರುವುದೆಂದು ನಂಬಿ ಹೋಗುವವರು ೨೦೨೨ನೆಯ ವರ್ಷವನ್ನು ನೆನೆಯಬೇಕು. ೧೯೦೧ರಿಂದ ಇಟ್ಟ ಲೆಕ್ಕದಲ್ಲಿ, ಆ ವರೆಗೆ ಭಾರತವು ಅಷ್ಟು ಬಿಸಿಯಾದ ಮಾರ್ಚಿಯನ್ನು ಕಂಡಿರಲಿಲ್ಲ. ೨೦೧೬ರ ಮೇ ೧೯ರಂದು ಅದೇ ಮರುಭೂಮಿಯ ಫಲೋದಿಯಲ್ಲಿ ಉಷ್ಣತೆಯು ೫೧ ಡಿಗ್ರಿಗೆ ಏರಿತು.

ಈ ಅಂಕಿಗಳು ನೆರಳಿನಲ್ಲಿ, ನೆಲದಿಂದ ನಾಲ್ಕಾರು ಅಡಿ ಮೇಲೆ ಅಳೆದವು. ಮಧ್ಯಾಹ್ನದ ಮರಳಾದರೋ ೬೦ ಡಿಗ್ರಿಯನ್ನೂ ಮೀರುವುದುಂಟು. ಚಿಕ್ಕ ಮಕ್ಕಳು ನೆಲಕ್ಕೆ ಸಮೀಪವಾಗಿರುವುದರಿಂದ ತಂದೆತಾಯಿಗಳಿಗಿಂತ ಹೆಚ್ಚಿನ ಕಾವು ಅವರಿಗೆ ತಗಲುವುದು. ಒಣಗಾಳಿಯಲ್ಲಿ ಬೆವರು ಹುಟ್ಟಿದೊಡನೆ ಆರಿಹೋಗುವದರಿಂದ ಮೈಯ ನೀರು ಕಳೆಯುವುದು ನಮ್ಮ ಅರಿವಿಗೇ ಬಾರದು. ಆದುದರಿಂದ ಬಾಯಾರುವ ಮುನ್ನವೇ ಮಕ್ಕಳಿಗೂ ವೃದ್ಧರಿಗೂ ಆಗಾಗ ನೀರು ಕೊಡತಕ್ಕದ್ದು. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದು.

ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಕೂಡಲೆ ನೆರಳಿಗೆ ಬಂದು ವಿಶ್ರಮಿಸಬೇಕು. ಮಾತು ತೊದಲಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಪ್ರಾಣಾಪಾಯದ ಗುರುತು. ಮೈಗೆ ನೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಲೇಬಾರದು.

ಮರುಭೂಮಿಯ ಜೀವಿಗಳ ನಡತೆಯನ್ನು ನೋಡಿರಿ. ಚಿಂಕಾರವು ಬೆಳಗ್ಗೆಯೂ ಸಂಜೆಯೂ ಮೇದು ನಡುಹಗಲು ಪೊದೆಯ ನೆರಳನ್ನು ಸೇರುವುದು; ನರಿಯು ಬಿಲದೊಳಗಿರುವುದು. ಅವು ಬಿಸಿಲಿನೊಡನೆ ಸೆಣಸುವುದಿಲ್ಲ, ವೇಳೆಯನ್ನು ಬದಲಾಯಿಸಿಕೊಳ್ಳುತ್ತವೆ. ಹಣ ಕೊಟ್ಟಾಗಿದೆ, ದಿನ ಗೊತ್ತಾಗಿದೆ ಎಂಬ ಕಾರಣದಿಂದ ಉರಿಬಿಸಿಲಿನಲ್ಲಿ ಮಕ್ಕಳನ್ನು ನಡೆಸುವುದು ವಿವೇಕವಲ್ಲ. ಸೂರ್ಯೋದಯಕ್ಕೆ ಹೊರಟು ಒಂಬತ್ತು ಗಂಟೆಯೊಳಗೆ ಹಿಂದಿರುಗಿರಿ. ಆ ದಿನ ಬಿಸಿಲು ಮಿತಿಮೀರಿದರೆ ನೋಟವನ್ನೇ ಬಿಟ್ಟುಬಿಡಿರಿ. ಹದಿನೆಂಟು ಕೋಟಿ ವರ್ಷ ಕಾದ ಕಲ್ಲುಮರಗಳು ಇನ್ನೊಂದು ಚಳಿಗಾಲದ ತನಕ ಕಾಯಬಲ್ಲವು.