ಹೊರೆ ಇಳಿಸುವ ಜಾಗ

ಮಾಗಡಿಯಿಂದ ಹುಲಿಯೂರುದುರ್ಗದ ಕಡೆಗೆ ಹೋಗುವ ಒಳದಾರಿಯೊಂದರಲ್ಲಿ, ಹುಣಸೆಮರದ ಪಕ್ಕ, ಲಂಟಾನ ಪೊದೆ ಅರ್ಧ ಮುಚ್ಚಿಹಾಕಿದ ಮೂರು ಕಲ್ಲುಗಳಿವೆ. ಎರಡು ನೆಟ್ಟಗೆ ನಿಂತಿವೆ, ಮೂರನೆಯದು ಅವುಗಳ ಮೇಲೆ ಅಡ್ಡ ಮಲಗಿದೆ. ಕೆತ್ತನೆಯಿಲ್ಲ, ಅಕ್ಷರವಿಲ್ಲ, ಕುಂಕುಮ ಹಚ್ಚಿದ ಗುರುತೂ ಇಲ್ಲ. ಹಾಳುಬಿದ್ದ ಗುಡಿಯೊಂದರ ಬಾಗಿಲುವಾಡ ಇರಬೇಕು ಅಂದುಕೊಂಡು ಮುಂದೆ ಹೋಗುವವರೇ ಹೆಚ್ಚು. ಅದು ಹೊರೆಗಲ್ಲು. ತಲೆಯ ಮೇಲೆ ಭಾರ ಹೊತ್ತು ಬರುವವರು ಅಲ್ಲಿ ಹೊರೆ ಇಳಿಸಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಯಾರ ಸಹಾಯವೂ ಇಲ್ಲದೆ ಮತ್ತೆ ಹೊತ್ತುಕೊಂಡು ಹೋಗಲಿ ಎಂದು ಯಾರೋ ಯಾವ ಕಾಲದಲ್ಲೋ ನೆಟ್ಟದ್ದು.

ಹೊರೆಗಲ್ಲು ಎಂದರೇನು ಎಂದು ಹಳೇ ಮೈಸೂರು ಕಡೆಯ ಹಿರಿಯರಿಗೆ ವಿವರಿಸಬೇಕಾಗಿಲ್ಲ. ಆದರೆ ಅದನ್ನು ಮುಟ್ಟಿ, ಅದರ ಕೆಳಗೆ ನಿಂತು, ಅದಕ್ಕೊಂದು ಹೊರೆ ಒಪ್ಪಿಸಿ ಬಂದ ಮೇಲೆ ನನಗೆ ಬೇರೆ ವಿಷಯದ ಮೇಲೆ ಬರೆಯಲು ಮನಸ್ಸೇ ಬರುತ್ತಿಲ್ಲ. ಕೆಲಸದ ಜಾಗದಲ್ಲಿ ಅಂತಃಕರಣ ಇರಬೇಕು, ಸಿಬ್ಬಂದಿಯನ್ನು ಮನೆಯವರಂತೆ ಕಾಣಬೇಕು ಎಂಬ ಮಾತನ್ನು ಕಂಪನಿಗಳ ತರಬೇತಿ ಶಿಬಿರಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ಆ ಮಾತಿನ ಮೇಲೆ ನನಗೆ ಅಷ್ಟೇನೂ ಭರವಸೆಯಿಲ್ಲ. ಈ ಕಲ್ಲಿನ ಮೇಲಿದೆ.

ಅದರ ಎತ್ತರವನ್ನೇ ನೋಡಿ. ಅಡ್ಡಗಲ್ಲಿನ ಮೇಲ್ಭಾಗ ನನ್ನ ಭುಜದಿಂದ ತುಸು ಮೇಲೆ, ಗದ್ದದಿಂದ ತುಸು ಕೆಳಗೆ ಬರುತ್ತದೆ. ಸೊಂಟದ ಮಟ್ಟಕ್ಕೆ ಇಟ್ಟಿದ್ದರೆ ತಲೆಯಿಂದ ಅಲ್ಲಿಗೆ ಇಳಿಸಲು ಇನ್ನೊಬ್ಬರು ಕೈಕೊಡಬೇಕಿತ್ತು. ತಲೆಗಿಂತ ಮೇಲಿಟ್ಟಿದ್ದರೆ ಎತ್ತಿ ಹಾಕಬೇಕಿತ್ತು. ಈ ಮಟ್ಟದಲ್ಲಿ ಇರುವುದರಿಂದ ಮಂಡಿ ಸ್ವಲ್ಪ ಬಗ್ಗಿಸಿ ಕತ್ತು ಮುಂದಕ್ಕೆ ಚಾಚಿದರೆ ಸಾಕು, ಮೂಟೆ ತಾನಾಗಿ ಜಾರಿ ಕಲ್ಲಿನ ಮೇಲೆ ಕೂರುತ್ತದೆ. ಹೊರಡುವಾಗ ಮತ್ತೆ ಮಂಡಿ ಬಗ್ಗಿಸಿ ತಲೆಯನ್ನು ಮೂಟೆಯ ಅಡಿಗೆ ಕೊಟ್ಟು, ಎರಡೂ ಕೈಯಲ್ಲಿ ಎಳೆದುಕೊಂಡು ನೆಟ್ಟಗಾದರೆ ಆಯಿತು. ಇದನ್ನು ನೆಟ್ಟವರು ಒಂದೋ ತಾವೇ ಹೊತ್ತವರು, ಇಲ್ಲವೇ ಹೊರುವವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅಳತೆ ತೆಗೆದವರು. ಅಡ್ಡಗಲ್ಲಿನ ಹಿಂದಿನ ಅಂಚಿನಲ್ಲಿ ಬಂಡೆ ಸೀಳಿದ ಉಳಿಯ ಗುರುತುಗಳು ಇವತ್ತಿಗೂ ಒರಟಾಗಿವೆ. ದಾರಿಯ ಕಡೆಯ ಅಂಚು ಮಾತ್ರ ಅಂಗೈಗೆ ಏನೂ ತಾಗದಷ್ಟು ನುಣುಪು. ಗೋಣಿಚೀಲ ಉಜ್ಜಿ ಉಜ್ಜಿ ಅಂಥ ಗಟ್ಟಿ ಕಲ್ಲು ನುಣ್ಣಗಾಗಬೇಕಾದರೆ ಎಷ್ಟು ಜನ ಬಂದು ಹೋಗಿರಬೇಕು!

ನಾನು ಆ ಅಂಚನ್ನು ಸವರುತ್ತಿದ್ದಾಗ ಪಕ್ಕದ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ಕುಡುಗೋಲು ಹಿಡಿದೇ ಬಂದರು. “ಅದೇನವ್ವ ಅಂಗ್ ನೋಡ್ತಿದ್ದೀಯ? ಹೊರೆಗಲ್ಲು ಕಣವ್ವ ಅದು.” ಅವರು ಮದುವೆಯಾಗಿ ಆ ಊರಿಗೆ ಬಂದಾಗ ಬಸ್ಸಿರಲಿಲ್ಲವಂತೆ. ಸಂತೆಗೆ ರಾಗಿ, ಹುರುಳಿ, ಹುಣಸೆಹಣ್ಣು ಹೋಗುತ್ತಿದ್ದದ್ದು ತಲೆಯ ಮೇಲೆ. ವಾಪಸು ಬರುವಾಗ ಉಪ್ಪು, ಮೆಣಸಿನಕಾಯಿ, ಸೀಮೆಎಣ್ಣೆ. ಗಾಡಿ ಇದ್ದವರು ಗಾಡಿ ಕಟ್ಟುತ್ತಿದ್ದರು. ಇವರ ಮನೆಯಲ್ಲಿ ಗಾಡಿಯೂ ಇರಲಿಲ್ಲ, ಎತ್ತೂ ಇರಲಿಲ್ಲ.

“ಹೊರೋದ್ರಾಗೆ ಏನೈತವ್ವ ಕಷ್ಟ? ತಲೆ ಮ್ಯಾಲೆ ಕುಂತ್ಕಂಡ್ರೆ ಕಾಲೇ ಎಳ್ಕಂಡ್ ಹೋಯ್ತದೆ. ಇಳ್ಸೋದೇ ಕಷ್ಟ. ಒಬ್ಳೇ ಇದ್ರೆ ಇಳ್ಸಂಗಿಲ್ಲ. ಇಳ್ಸಿದ್ರೆ ಮತ್ತೆ ಎತ್ತಿಡೋರು ಯಾರು?”

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನೆಲದಿಂದ ಒಬ್ಬರೇ ಎತ್ತಿ ತಲೆಗಿಟ್ಟುಕೊಳ್ಳಲು ಆಗದ ಭಾರವನ್ನು ಮನುಷ್ಯರು ತಲೆಯ ಮೇಲಿಟ್ಟುಕೊಂಡು ಮೈಲಿಗಟ್ಟಲೆ ನಡೆಯಬಲ್ಲರು. ಮನೆಯಲ್ಲಿ ಹೊರೆ ಎತ್ತಿಡಲು ಜನ ಇರುತ್ತಾರೆ, ಸಂತೆಯಲ್ಲಿ ಇಳಿಸಲು ಇರುತ್ತಾರೆ. ನಡುವಿನ ದಾರಿಯಲ್ಲಿ ಯಾರೂ ಇಲ್ಲ. ಬಾಯಾರಿದರೂ, ಕತ್ತು ಬಿದ್ದುಹೋಗುವಂತಾದರೂ, ಬಸುರಿಗೆ ತಲೆಸುತ್ತು ಬಂದರೂ ಇಳಿಸುವ ಹಾಗಿಲ್ಲ. ಇಳಿಸಿದರೆ ದಾರಿಹೋಕರಿಗಾಗಿ ಕಾಯುತ್ತ ಕೂರಬೇಕು. ಕಾದರೆ ಬರುವವರು ಯಾರು? ಅಜ್ಜಿ ಅದನ್ನೂ ಹೇಳಿದರು. “ಗೊತ್ತಿಲ್ದಿರೋ ಗಂಡಸ್ರನ್ನ ಕರ್ಯಾಕೆ ಭಯ. ಕರುದ್ರೂ, ನಮ್ ಜನದ ಹೊರೆ ಅಂತ ಗೊತ್ತಾದ್ರೆ ಮುಟ್ಟೋರೋ ಇಲ್ವೋ.”

ನಮ್ಮ ಹಳ್ಳಿಗಳಲ್ಲಿ ಬಾವಿಗೂ ಜಾತಿ ಇತ್ತು, ಅರವಟ್ಟಿಗೆಯಲ್ಲಿ ನೀರು ಹೊಯ್ಯುವ ಕೈಗೂ ಇತ್ತು. ಬಯಲು ದಾರಿಯ ಪಕ್ಕದ ಈ ಕಲ್ಲಿಗೆ ಕಾವಲಿನವರಿರಲಿಲ್ಲ. ಯಾರನ್ನೂ ಬೇಡದೆ, ಯಾರಿಗೂ ಕೈಮುಗಿಯದೆ ಹೊರೆ ಇಳಿಸಬಹುದಿತ್ತು. ಸಹಾಯ ಪಡೆಯುವವರು ತಲೆ ತಗ್ಗಿಸಬೇಕಾಗಿಲ್ಲದಂಥ ಸಹಾಯ ಇದು. ದಯೆಯಲ್ಲಿ ಇದಕ್ಕಿಂತ ದೊಡ್ಡದು ಇರಲಾರದು ಎಂಬುದು ನನ್ನ ನಂಬಿಕೆ.

ಮಾತಿನ ನಡುವೆಯೇ ಅಜ್ಜಿ ತಮ್ಮ ಹುಲ್ಲಿನ ಹೊರೆ ಬಿಗಿದು ಕಟ್ಟಿದರು. ಹಳೇ ಸೀರೆಯ ತುಂಡನ್ನು ಸುತ್ತಿ ಸಿಂಬೆ ಮಾಡಿ ನನ್ನ ನೆತ್ತಿಯ ಮೇಲಿಟ್ಟರು, ಅದರ ಮೇಲೆ ಹೊರೆ. ಹಸಿಹುಲ್ಲಿನ ನೀರು ಕಿವಿಯ ಹಿಂದೆ ಇಳಿಯಿತು. ಹುಣಸೆಮರದಿಂದ ರಸ್ತೆಯ ತಿರುವಿನವರೆಗೆ ಹೋಗಿ ಬರುವಷ್ಟರಲ್ಲಿ ಕತ್ತಿನ ಎರಡೂ ಬದಿ ಹಗ್ಗದಂತೆ ಬಿಗಿದುಕೊಂಡವು. ಕಲ್ಲಿನ ಎದುರು ನಿಂತು, ಅವರು ಹೇಳಿಕೊಟ್ಟಂತೆ ಮಂಡಿ ಬಗ್ಗಿಸಿ ಮುಂದೆ ವಾಲಿದೆ. ಹೊರೆ ಸರ್ರನೆ ಜಾರಿತು. ಆ ಕ್ಷಣ ಕತ್ತು ತಾನಾಗಿ ಮೇಲಕ್ಕೆ ಎದ್ದು ಬಂದ ಅನುಭವವನ್ನು ಓದುಗರಿಗೆ ದಾಟಿಸುವ ಶಕ್ತಿ ನನ್ನ ಭಾಷೆಗಿಲ್ಲ. ಅಜ್ಜಿ ನಕ್ಕರು. “ಈಗ ಗೊತ್ತಾಯ್ತಾ?”

ಮನೆಗೆ ಬಂದು ಹಳೆಯ ಕತ್ತರಿಕೆಗಳ ಕಡತ ತೆಗೆದೆ. ದಕ್ಷಿಣದ ನಾಡುಗಳಲ್ಲೆಲ್ಲ ಈ ಕಲ್ಲು ಇದೆ. ತಮಿಳರು ಸುಮೈತಾಂಗಿ ಎನ್ನುತ್ತಾರೆ. ಮಲಯಾಳಿಗಳಲ್ಲಿ ಅದು ಚುಮಡುತಾಂಗಿ, ಕೆಲವೆಡೆ ಅತ್ತಾಣಿ. ತಮಿಳುನಾಡಿನಲ್ಲಿ ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣಿನ ಹೆಸರಲ್ಲಿ ಸುಮೈತಾಂಗಿ ನೆಡುವ ಪದ್ಧತಿ ಇತ್ತು. ಹೊಟ್ಟೆಯ ಭಾರ ಇಳಿಸದೆ ಹೋದವಳು ಅವಳು. ದಾರಿಹೋಕರು ಅವಳ ಕಲ್ಲಿನ ಮೇಲೆ ಭಾರ ಇಳಿಸಿದಾಗಲೆಲ್ಲ ಅವಳ ಜೀವಕ್ಕೂ ಹಗುರವಾಗುತ್ತದೆ ಎಂಬ ನಂಬಿಕೆ. ಹುಣಸೆಮರದ ಹೊರೆಗಲ್ಲಿಗೂ ಇಂಥದೇ ಕಥೆ ಇದೆಯೇ ಎಂದು ಅಜ್ಜಿಯನ್ನು ಕೇಳಿದ್ದೆ. “ನಮ್ಮತ್ತೆ ಏನೋ ಹೇಳೋರು” ಎಂದಷ್ಟೇ ಹೇಳಿ ಸುಮ್ಮನಾದರು. ಶಾಸನವಿಲ್ಲದ ಕಲ್ಲಿಗೆ ನಾನೇ ಕಥೆ ಕಟ್ಟುವುದು ತಪ್ಪು. ಆದರೆ ತಮ್ಮ ಮನೆಯ ದುಃಖವನ್ನು ಗುರುತೇ ಇಲ್ಲದ ಯಾರದೋ ಕತ್ತಿನ ನೋವಿಗೆ ಉಪಯೋಗವಾಗುವಂತೆ ನೆಟ್ಟ ಆ ಸಂಸಾರಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ.

ಇನ್ನೊಂದು ಕತ್ತರಿಕೆಯಲ್ಲಿ 1986ರ ಸಂಶೋಧನೆಯೊಂದರ ವಿವರವಿತ್ತು. ನೇಚರ್ ಪತ್ರಿಕೆಯಲ್ಲಿ ಬಂದದ್ದು. ಪೂರ್ವ ಆಫ್ರಿಕಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಐದನೇ ಒಂದು ಭಾಗದಷ್ಟು ಭಾರವನ್ನು, ಬರಿಗೈಯಲ್ಲಿ ನಡೆಯುವಾಗ ಖರ್ಚಾಗುವ ಶಕ್ತಿಯಲ್ಲೇ ಹೊತ್ತು ನಡೆಯಬಲ್ಲರು ಎಂದು ಅದು ಹೇಳಿತ್ತು. ಈ ಮಾತು ಎಲ್ಲ ಕಡೆಯ ಹೆಂಗಸರಿಗೂ ಹೊಂದುವುದಿಲ್ಲ ಎಂದು ಆಮೇಲಿನವರು ತಕರಾರು ತೆಗೆದಿದ್ದಾರೆ. ಅದೇನೇ ಇರಲಿ, “ಹೊರೋದ್ರಾಗೆ ಏನೈತವ್ವ” ಎಂದ ಅಜ್ಜಿಯ ಮಾತು ನನಗೆ ಪ್ರಯೋಗಾಲಯದ ಮಾತಿನಷ್ಟೇ ತೂಕದ್ದಾಗಿ ಕೇಳಿತು. ಕಷ್ಟ ಇರುವುದು ಎತ್ತುವಾಗ, ಇಳಿಸುವಾಗ, ಮತ್ತು ಇಳಿಸಲು ಜಾಗವೇ ಸಿಗದಾಗ.

ಹಿಂದಿನ ಕಾಲ ಬಹಳ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಹೆಂಗಸೊಬ್ಬಳು ಎತ್ತಿಲ್ಲದೆ, ಗಾಡಿಯಿಲ್ಲದೆ ಮೂಟೆ ಹೊರಬೇಕಾಗಿ ಬಂದದ್ದೇ ಅನ್ಯಾಯ. ಕಲ್ಲು ಆ ಅನ್ಯಾಯವನ್ನು ತೆಗೆದುಹಾಕಲಿಲ್ಲ. ಆದರೂ ಊರವರು ಒಬ್ಬರ ಭಾರಕ್ಕೆ ಇನ್ನೊಬ್ಬರು ಹೆಗಲು ಕೊಡುವುದನ್ನು ಬರೀ ಒಳ್ಳೆಯ ಮನಸ್ಸಿಗೆ ಬಿಡದೆ, ಅದಕ್ಕೊಂದು ಏರ್ಪಾಡು ಮಾಡಿಕೊಂಡಿದ್ದರು ಎನ್ನುವುದು ಮುಖ್ಯ. ಮುಯ್ಯಾಳು ಪದ್ಧತಿಯೂ ಹಾಗೆಯೇ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೂಲಿ ಕೊಡಲಾರದ ಬಡ ರೈತನ ಪೈರು ಕೂಡ ಹೊತ್ತಿಗೆ ಸರಿಯಾಗಿ ನೆಲ ಸೇರುತ್ತಿತ್ತು, ಅವನು ಯಾರ ಮುಂದೆಯೂ ಕೈಚಾಚದೆ.

ಈಗಿನ ಕೆಲಸದ ಜಾಗಗಳಿಗೆ ಬರೋಣ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಚೆಕ್ಕಿಂಗ್ ಕೆಲಸ ಮಾಡುವ, ನನಗೆ ಪರಿಚಯದ ಹೆಣ್ಣುಮಗಳೊಬ್ಬಳಿದ್ದಾಳೆ. ದಿನವೆಲ್ಲ ನಿಂತೇ ಇರಬೇಕು. “ನಮ್ಮ ಸೂಪರ್‌ವೈಸರ್ ಒಳ್ಳೇವ್ರು ಮೇಡಂ, ಕೇಳಿದ್ರೆ ಐದು ನಿಮಿಷ ಕೂತ್ಕೊಳ್ಳೋಕೆ ಬಿಡ್ತಾರೆ” ಎಂದಳು. ಕೇಳಿದರೆ! 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್, ನಿಂತು ಕೆಲಸ ಮಾಡಬೇಕಾದವರೆಲ್ಲರಿಗೂ ಬಿಡುವು ಸಿಕ್ಕಾಗ ಕೂರಲು ತಕ್ಕ ವ್ಯವಸ್ಥೆ ಇರಲೇಬೇಕು ಎಂದು ಬರೆದಿತ್ತು. ಸೂಪರ್‌ವೈಸರ್ ಒಳ್ಳೆಯವರೇ ಇರಬಹುದು. ನಾಳೆ ಅವರ ಜಾಗಕ್ಕೆ ಬೇರೆಯವರು ಬಂದರೆ? ಒಬ್ಬರ ಒಳ್ಳೆಯತನದ ಮೇಲೆ ನಿಂತ ಬಿಡುವು ಅವರ ವರ್ಗಾವಣೆಯೊಂದಿಗೆ ಹೋಗಿಬಿಡುತ್ತದೆ.

ಅಂಗಡಿಗಳ ಕಥೆ ಇನ್ನೂ ತಡವಾದದ್ದು. ಕೋಳಿಕ್ಕೋಡಿನ ಮಿಠಾಯಿ ತೆರುವು ಎಂಬ ಪೇಟೆಬೀದಿಯಲ್ಲಿ ಸೇಲ್ಸ್ ಹುಡುಗಿಯರಿಗೆ ಶೌಚಾಲಯವೇ ಇರಲಿಲ್ಲ. ನೀರು ಕಡಿಮೆ ಕುಡಿಯಿರಿ ಎಂಬ ಬುದ್ಧಿಮಾತು ಸಿಗುತ್ತಿತ್ತು. ದರ್ಜಿ ಕೆಲಸ ಮಾಡುತ್ತಿದ್ದ ಪಿ. ವಿಜಿ ಅಂಥ ಹೆಂಗಸರನ್ನು ಒಟ್ಟುಗೂಡಿಸಿ ಪೆಣ್‌ಕೂಟ್ಟ್ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ ಹೋರಾಟ ನಡೆಯಿತು. 2018ರಲ್ಲಿ ಕೇರಳ ತನ್ನ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು, ಅಂಗಡಿ ಕೆಲಸಗಾರರಿಗೆ ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಕಾರ್ಖಾನೆಯವರಿಗೆ 1948ರಲ್ಲೇ ಒಪ್ಪಿಕೊಂಡದ್ದು ಜವಳಿ ಅಂಗಡಿಯ ಹೆಣ್ಣುಮಕ್ಕಳಿಗೆ ತಲುಪಲು 70 ವರ್ಷ ಹಿಡಿಯಿತು, ಅದೂ ಪಕ್ಕದ ರಾಜ್ಯಗಳಲ್ಲಿ.

ನಮ್ಮಲ್ಲೂ ಒಳ್ಳೆಯ ಕೆಲಸ ಆಗಿಲ್ಲವೆಂದಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023–24ರ ಬಜೆಟ್ಟಿನಲ್ಲಿ ಹೇಳಿತು. ಮಗುವನ್ನು ಯಾರ ಮನೆಯಲ್ಲಿ ಬಿಡಲಿ ಎಂದು ಬೀದಿಯಲ್ಲಿ ಬಾಗಿಲು ತಟ್ಟುವ ಕಷ್ಟ ತಪ್ಪಿಸುವ ಇಂಥ ಜಾಗ ಪ್ರತಿ ಹಳ್ಳಿಯಲ್ಲೂ ನಡೆಯಬೇಕು, ಬಾಗಿಲು ದಿನವೂ ತೆರೆದಿರಬೇಕು. ಬೆಂಗಳೂರಿನಲ್ಲಿ ಪೌರಕಾರ್ಮಿಕರಿಗೆಂದು ಪಾಲಿಕೆ ಸುವಿಧಾ ಕ್ಯಾಬಿನ್‌ಗಳನ್ನು ಇಟ್ಟಿದೆ. ಆದರೂ ಬೆಳಗಿನ ಗುಡಿಸುವ ಕೆಲಸ ಮುಗಿಸಿ, ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ಡಬ್ಬಿ ತೆರೆಯುವ ಹೆಂಗಸರನ್ನು ನಮ್ಮ ಬಡಾವಣೆಯಲ್ಲಿ ದಿನವೂ ನೋಡುತ್ತೇನೆ. ಕೈ ತೊಳೆಯಲು ನೀರಿಗೆ ಅವರು ಯಾವುದಾದರೂ ಮನೆಯ ಗೇಟಿನ ಮುಂದೆ ನಿಲ್ಲಬೇಕು. ಕೆಲವರು ಕೊಡುತ್ತಾರೆ, ಕೆಲವರು ಒಳಗಿನಿಂದಲೇ ಕೈ ಆಡಿಸುತ್ತಾರೆ. ಗೇಟಿನ ಹೊರಗೆ ಒಂದು ನಲ್ಲಿ ಹಾಕಿಸಲು ಎಷ್ಟು ಖರ್ಚಾದೀತು?

ಹುಣಸೆಮರದ ದಾರಿಯಲ್ಲಿ ಮೊದಲು ಎರಡು ಹೊರೆಗಲ್ಲುಗಳಿದ್ದವಂತೆ. ರಸ್ತೆಗೆ ಡಾಂಬರು ಹಾಕಿದಾಗ ಒಂದರ ಅಡ್ಡಗಲ್ಲು ಮೋರಿಗೆ ಹಾಸುಗಲ್ಲಾಗಿ ಹೋಯಿತು. ಊರಿನ ಸುತ್ತ ಇಂಥ ಕಲ್ಲು ಕಂಡವರು ದಯವಿಟ್ಟು ಗ್ರಾಮ ಪಂಚಾಯಿತಿಗೆ ತಿಳಿಸಿ, ರಸ್ತೆ ಅಗಲವಾಗುವ ಮುಂಚೆಯೇ ತಿಳಿಸಿ. ಶಾಸನವಿಲ್ಲ ಎಂಬ ಕಾರಣಕ್ಕೆ ಅದನ್ನು ಕಳೆದುಕೊಳ್ಳಬಾರದು.

ಇನ್ನು, ಅಂಗಡಿ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಚಿಕ್ಕಪೇಟೆಯಲ್ಲಿರಲಿ, ದಾವಣಗೆರೆಯಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ನಿಮ್ಮ ಕೌಂಟರಿನ ಹಿಂದೆ ಎಷ್ಟು ಜನ ನಿಲ್ಲುತ್ತಾರೋ ಅಷ್ಟು ಸ್ಟೂಲು ಹಾಕಿ. ಹಾಕಿದ ದಿನವೇ, ಗಿರಾಕಿ ಇಲ್ಲದಾಗ ಕೂತುಕೊಳ್ಳಿ, ಕೇಳಬೇಕಾಗಿಲ್ಲ ಎಂದು ಎಲ್ಲರೆದುರು ಹೇಳಿ. ಹೇಳದಿದ್ದರೆ ಯಾರೂ ಕೂರುವುದಿಲ್ಲ. ಸೀರೆ ಕೊಳ್ಳಲು ಹೋಗುವ ನಾವೂ ಒಳಗೆ ಕಾಲಿಟ್ಟಾಗ ಕೂತಿದ್ದ ಹುಡುಗಿ ಗಾಬರಿಯಿಂದ ಎದ್ದರೆ, “ಕೂತ್ಕೊಂಡೇ ತೋರಿಸಮ್ಮ” ಎನ್ನೋಣ.