ಔಷಧಿ ಸರಿ ಇದ್ದರೆ ಸಾಲದು, ಸಿರಿಂಜೂ ಸರಿ ಇರಬೇಕು

ಕುರಿ, ಆಡು, ಹಸು ಸಾಕುವ ಮನೆಯಲ್ಲಿ ಸಿರಿಂಜ್ ಈಗ ಹಗ್ಗ, ಬಕೆಟ್‌ನಷ್ಟೇ ಸಾಮಾನ್ಯ. ಮೆಡಿಕಲ್ ಶಾಪ್‌ಗೆ ಹೋಗಿ "ಒಂದು ಸಿರಿಂಜ್ ಕೊಡಿ" ಅಂದರೆ ಅವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ತೊಂದರೆ ಶುರುವಾಗೋದೇ ಅಲ್ಲಿಂದ. ಮರಿಗೆ ಡೋಸ್ ಹೆಚ್ಚಾಗೋದು, ಚುಚ್ಚಿದ ಜಾಗದಲ್ಲಿ ಬಾವು ಬರೋದು, ಒಂದು ಕುರಿಯ ರೋಗ ಇನ್ನೊಂದಕ್ಕೆ ಹೋಗೋದು ಇವೆಲ್ಲ ಬಹಳ ಸಲ ಔಷಧಿಯಿಂದಲ್ಲ, ಸಿರಿಂಜ್ ಮತ್ತು ಸೂಜಿಯಿಂದ ಆಗುತ್ತವೆ.

ಮೊದಲೇ ಒಂದು ಮಾತು: ಯಾವ ಔಷಧಿ, ಎಷ್ಟು, ಎಷ್ಟು ದಿನ ಅನ್ನೋದನ್ನು ಪಶುವೈದ್ಯರೇ ಹೇಳಬೇಕು. ನರಕ್ಕೆ ಕೊಡುವ ಇಂಜೆಕ್ಷನ್ ಅವರೇ ಮಾಡಬೇಕು. ಚರ್ಮದಡಿ ಅಥವಾ ಮಾಂಸಕ್ಕೆ ಕೊಡೋದನ್ನು ಅವರು ನಿಮಗೆ ತೋರಿಸಿಕೊಟ್ಟಿದ್ದರೆ ಈ ಲೇಖನ ಉಪಯೋಗಕ್ಕೆ ಬರುತ್ತದೆ.

ಡೋಸ್ ನೋಡಿ ಸಿರಿಂಜ್ ಆರಿಸಿ

ಸಿರಿಂಜ್ ದೊಡ್ಡದಾದಷ್ಟೂ ಗೆರೆಗಳ ಅಂತರ ಹೆಚ್ಚು. ಸಾಮಾನ್ಯವಾಗಿ 2 ಎಂಎಲ್ ಸಿರಿಂಜ್‌ನಲ್ಲಿ ಒಂದು ಗೆರೆ ಅಂದರೆ 0.1 ಎಂಎಲ್, 5 ಎಂಎಲ್‌ನಲ್ಲಿ 0.2 ಎಂಎಲ್, 20 ಎಂಎಲ್‌ನಲ್ಲಿ 1 ಎಂಎಲ್. 1 ಸಿಸಿ ಅಂದರೂ 1 ಎಂಎಲ್ ಅಂದರೂ ಒಂದೇ.

ಒಂದು ಲೆಕ್ಕ ನೋಡಿ. ಶೇಕಡಾ 1ರ ಐವರ್ಮೆಕ್ಟಿನ್ ಇಂಜೆಕ್ಷನ್‌ನ ಸಾಮಾನ್ಯ ಪ್ರಮಾಣ 50 ಕಿಲೋ ತೂಕಕ್ಕೆ 1 ಎಂಎಲ್, ಚರ್ಮದಡಿ. 10 ಕಿಲೋ ಮರಿಗೆ ಬೇಕಾಗೋದು 0.2 ಎಂಎಲ್ ಮಾತ್ರ. 10 ಎಂಎಲ್ ಸಿರಿಂಜ್‌ನಲ್ಲಿ ಇದನ್ನು ಅಳೆಯೋಕೆ ಆಗೋದೇ ಇಲ್ಲ. ಎಂಎಲ್ ಗೆರೆ ಇರುವ 1 ಅಥವಾ 2 ಎಂಎಲ್ ಸಿರಿಂಜ್ ಬೇಕು.

ಸಣ್ಣ ಡೋಸ್‌ಗೆ ಇನ್ಸುಲಿನ್ ಸಿರಿಂಜ್ ಬಳಸಬೇಡಿ. ಅದರ ಮೇಲಿರೋದು ಯೂನಿಟ್, ಎಂಎಲ್ ಅಲ್ಲ. ನಮ್ಮಲ್ಲಿ ಎರಡು ಬಗೆ ಸಿಗುತ್ತವೆ: ಕೆಂಪು ಕ್ಯಾಪ್‌ನ ಯು-40, ಕಿತ್ತಳೆ ಕ್ಯಾಪ್‌ನ ಯು-100. 20ರ ಗೆರೆವರೆಗೆ ಎಳೆದರೆ ಯು-100ರಲ್ಲಿ 0.2 ಎಂಎಲ್ ಬರುತ್ತದೆ, ಯು-40ರಲ್ಲಿ 0.5 ಎಂಎಲ್. ಅಂದರೆ ಮರಿಗೆ ಎರಡೂವರೆ ಪಟ್ಟು ಔಷಧಿ ಹೋಯಿತು!

ಎಣ್ಣೆಯಂತೆ ಮಂದವಾದ ಔಷಧಿಗೆ ಸೂಜಿಯನ್ನು ತಿರುಗಿಸಿ ಕೂರಿಸುವ ಲಾಕ್ ಸಿರಿಂಜ್ ಒಳ್ಳೇದು. ಬರೀ ಒತ್ತಿ ಕೂರಿಸುವ ಸಿರಿಂಜ್‌ನಲ್ಲಿ ಜೋರಾಗಿ ತಳ್ಳಿದಾಗ ಸೂಜಿ ಕಳಚಿ ಔಷಧಿ ಮುಖಕ್ಕೇ ಹಾರಬಹುದು.

ಸೂಜಿ: ನಂಬರ್ ಹೆಚ್ಚಾದಷ್ಟೂ ಸಣ್ಣ

ಗೇಜ್ ನಂಬರ್ ಹೆಚ್ಚಾದರೆ ಸೂಜಿ ತೆಳು, ಕಡಿಮೆಯಾದರೆ ದಪ್ಪ. ಇದು ತುಂಬಾ ಜನಕ್ಕೆ ಉಲ್ಟಾ ತಿಳಿದಿರುತ್ತೆ.

- ಕುರಿ, ಆಡಿಗೆ ಚರ್ಮದಡಿ: 20 ಗೇಜ್, ಅರ್ಧ ಇಂಚು
- ಕುರಿ, ಆಡಿಗೆ ಮಾಂಸಕ್ಕೆ: 18 ಅಥವಾ 20 ಗೇಜ್, 1 ಇಂಚು
- ಹಸು, ಎಮ್ಮೆಗೆ ಮಾಂಸಕ್ಕೆ: 16 ಅಥವಾ 18 ಗೇಜ್, 1ರಿಂದ ಒಂದೂವರೆ ಇಂಚು

ಮಾಂಸಕ್ಕೆ ಕೊಡೋದಾದರೆ ಕುತ್ತಿಗೆಯ ಪಕ್ಕ ಒಳ್ಳೆಯ ಜಾಗ. ತೊಡೆ, ಪುಟ್ಟದ ಕಡೆ ಕೊಟ್ಟರೆ ಅಲ್ಲಿನ ದೊಡ್ಡ ನರಕ್ಕೆ ತಗುಲಿ ಕಾಲು ಎಳೆಯುವಂತಾಗಬಹುದು. ಸೂಜಿ ಹಾಕಿದ ಮೇಲೆ ಪ್ಲಂಜರ್ ಸ್ವಲ್ಪ ಹಿಂದಕ್ಕೆ ಎಳೆದು ನೋಡಿ. ರಕ್ತ ಬಂದರೆ ತೆಗೆದು, ಬೇರೆ ಜಾಗಕ್ಕೆ ಕೊಡಿ.

ಒಂದೇ ಸೂಜಿ, ಇಡೀ ಹಿಂಡು?

ಒಂದು ಪ್ರಾಣಿಗೆ ಒಂದು ಸೂಜಿ. ಸೂಜಿಯ ಬೆಲೆ ಒಂದು ಟೀಗಿಂತ ಕಡಿಮೆ. ಕಣ್ಣಿಗೆ ಕಾಣದಷ್ಟು ರಕ್ತ ಸೂಜಿಯಲ್ಲಿ ಉಳಿದರೂ ಅನಾಪ್ಲಾಸ್ಮಾದಂಥ ರಕ್ತದ ರೋಗ ಮುಂದಿನ ಹಸುವಿಗೆ ಹೋಗಬಹುದು. ನಾಲ್ಕೈದು ಸಲ ಬಳಸಿದ ಸೂಜಿಯ ತುದಿ ಮೊಂಡಾಗಿ ಚರ್ಮ ಹರಿಯುತ್ತದೆ, ಗಂಟು ಕಟ್ಟುತ್ತದೆ.

ಇದಕ್ಕಿಂತ ದೊಡ್ಡ ತಪ್ಪು, ಚುಚ್ಚಿದ ಸೂಜಿಯನ್ನೇ ಮತ್ತೆ ಬಾಟಲಿಗೆ ಹಾಕೋದು. ಹಾಗೆ ಮಾಡಿದರೆ ಇಡೀ ಬಾಟಲಿಯೇ ಕೆಡುತ್ತದೆ. ಔಷಧಿ ಎಳೆಯಲು ಒಂದು ಹೊಸ ಸೂಜಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.

ದೊಡ್ಡ ಹಿಂಡಿಗೆ ಲಸಿಕೆ ಹಾಕುವ ಆಟೋಮ್ಯಾಟಿಕ್ ಸಿರಿಂಜ್ ಇದ್ದರೆ ಕೆಲಸ ಬೇಗ ಆಗುತ್ತದೆ. ಶುರು ಮಾಡೋಕೆ ಮುಂಚೆ ಒಂದೆರಡು ಡೋಸ್ ಅನ್ನು ಸಾದಾ ಸಿರಿಂಜ್‌ಗೆ ಬಿಟ್ಟು, ಪ್ರಮಾಣ ಸರಿ ಇದೆಯಾ ಅಂತ ಅಳೆಯಿರಿ. ಕೆಲಸ ಮುಗಿದ ಮೇಲೆ ಭಾಗಗಳನ್ನು ಬಿಚ್ಚಿ, ತೊಳೆದು, 20 ನಿಮಿಷ ನೀರಿನಲ್ಲಿ ಕುದಿಸಿ. ಡೆಟಾಲ್, ಫಿನೈಲ್ ಹಾಕಬೇಡಿ. ಹಿರೇಬೇನೆ ಅಂದರೆ ಪಿಪಿಆರ್ ಲಸಿಕೆಯಲ್ಲಿ ಇರೋದು ಜೀವಂತ ವೈರಸ್. ಸಿರಿಂಜ್‌ನಲ್ಲಿ ಉಳಿದ ಡೆಟಾಲ್ ಅದನ್ನು ಕೊಂದರೆ ಲಸಿಕೆ ಹಾಕಿಯೂ ಹಾಕದಂತೆಯೇ.

ಸೂಜಿ ನಿಮಗೇ ಚುಚ್ಚಿದರೆ?

ಒಬ್ಬರೇ ಇಂಜೆಕ್ಷನ್ ಮಾಡೋಕೆ ಹೋಗಬೇಡಿ. ಪ್ರಾಣಿಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಲಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ, ಕ್ಯಾಪ್ ಅನ್ನು ಬಾಯಲ್ಲಿ ಕಚ್ಚಲೂಬೇಡಿ.

ಚುಚ್ಚಿದರೆ ಬಾಯಲ್ಲಿ ಹೀರಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಔಷಧಿಯ ಬಾಟಲಿ ಜೊತೆಗೇ ಆಸ್ಪತ್ರೆಗೆ ಹೋಗಿ. ಈ ಮೂರರಲ್ಲಿ ಸ್ವಲ್ಪವೂ ತಡ ಮಾಡಬೇಡಿ:

- ಎಣ್ಣೆ ಬೆರೆತ ಲಸಿಕೆ (ಕಾಲುಬಾಯಿ ಜ್ವರದ ಹಲವು ಲಸಿಕೆಗಳು ಹೀಗಿವೆ): ಗಾಯ ಚಿಕ್ಕದಾಗಿ ಕಂಡರೂ ಒಳಗೆ ಊತ ಬಂದು ರಕ್ತ ಓಡಾಟ ನಿಲ್ಲಬಹುದು, ಬೆರಳೇ ಹೋಗಬಹುದು. ಎಣ್ಣೆ ಲಸಿಕೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.
- ಬ್ರುಸೆಲ್ಲಾ ಲಸಿಕೆ: 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಎಸ್-19 ಲಸಿಕೆಯಲ್ಲಿ ಇರೋದು ಜೀವಂತ ರೋಗಾಣು. ಸೂಜಿ ಚುಚ್ಚಿದರೆ ಅಥವಾ ಕಣ್ಣಿಗೆ ಸಿಡಿದರೆ ಮನುಷ್ಯರಿಗೂ ರೋಗ ಬರುತ್ತದೆ. ಇದನ್ನು ಇಲಾಖೆಯವರೇ ಹಾಕಲಿ.
- ಟಿಲ್ಮಿಕೋಸಿನ್ ಆಂಟಿಬಯೋಟಿಕ್: ಮನುಷ್ಯರ ಹೃದಯಕ್ಕೆ ಪೆಟ್ಟು ಕೊಡುತ್ತದೆ, ಜೀವ ಹೋದ ಪ್ರಕರಣಗಳಿವೆ.

ಬಳಸಿದ ಸೂಜಿ ಎಲ್ಲಿಗೆ?

ತಿಪ್ಪೆಗೆ ಬೇಡವೇ ಬೇಡ. ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಬರಿಗಾಲಿಗೆ ಚುಚ್ಚುವುದು ಅದೇ ಸೂಜಿ. ಮೇವಿನಲ್ಲಿ ಸೇರಿದರೆ ದನದ ಹೊಟ್ಟೆಗೆ ಹೋಗುತ್ತದೆ. ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮುಕ್ಕಾಲು ತುಂಬಿದ ಮೇಲೆ ಪಶು ಆಸ್ಪತ್ರೆಗೆ ಕೇಳಿ ಒಪ್ಪಿಸಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತವೆ. ಸೂಜಿಗಳನ್ನು ಚುಚ್ಚಿದರೂ ತೂತಾಗದ ಡಬ್ಬಿಯಲ್ಲಿ ಬೇರೆಯಾಗಿ ಇಡಬೇಕು ಅನ್ನೋದು ಅದರಲ್ಲಿದೆ.

ಫೋನ್ ಕೈಯಲ್ಲೇ ಇದೆಯಲ್ಲ

ಇಂಜೆಕ್ಷನ್ ಕೊಡೋ ಮೊದಲು ಬಾಟಲಿಯ ಲೇಬಲ್‌ನ ಫೋಟೋ ತೆಗೆಯಿರಿ. ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ, ಹಾಲು ಮತ್ತು ಮಾಂಸ ಎಷ್ಟು ದಿನ ಮಾರಬಾರದು ಅನ್ನೋದು ಕಾಣುವಂತಿರಲಿ. ಯಾವ ಪ್ರಾಣಿಗೆ, ಎಷ್ಟು ಎಂಎಲ್, ಯಾವ ಕಡೆ ಕೊಟ್ಟಿರಿ ಅಂತ ಜೊತೆಗೇ ಬರೆದಿಡಿ. ಮುಂದೆ ಊತ ಬಂದರೆ, ಮೇವು ಬಿಟ್ಟರೆ ವೈದ್ಯರಿಗೆ ಆ ಫೋಟೋ ಕಳಿಸಿದರೆ ಅರ್ಧ ಕೆಲಸ ಆದಂತೆ. ಪ್ರಾಣಿಗೆ ತುರ್ತು ಇದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಿ.